ಅಮ್ಮನ ಪಕ್ಕದ ಸೀಟಿಗೂ ದರಪಟ್ಟಿಯೇ?

ನಮ್ಮ ಮನೆಯಲ್ಲಿ ಯಾರಿಗೇ ಟಿಕೆಟ್ ಬೇಕಾದರೂ ಬುಕಿಂಗ್ ಕೌಂಟರ್ ನನ್ನ ಮೊಬೈಲೇ. ದೊಡ್ಡಪ್ಪ ತಿರುಪತಿಗೆ ಹೊರಟರೂ, ಪಕ್ಕದ ಮನೆಯ ಅಜ್ಜಿ ಮಗನ ಊರಿಗೆ ಹೊರಟರೂ 'ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡಪ್ಪ' ಎಂದು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರ ಕಥೆಯೂ ಇದೇ ಇರಬಹುದು. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕೆನಿಸಿತು.

2023ರ ಡಿಸೆಂಬರ್. ನಾನಾಗ ದ್ವಿತೀಯ ಪಿಯುಸಿ. ಅಕ್ಕ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ದೆಹಲಿಗೆ ಹೋಗಬೇಕಿತ್ತು. ಭಾವನಿಗೆ ಅಲ್ಲಿ ಕೆಲಸ. ರೈಲಿನಲ್ಲಾದರೆ ಎರಡು ರಾತ್ರಿ, ವಿಮಾನದಲ್ಲಾದರೆ ಮೂರು ಗಂಟೆಯೊಳಗೆ. ಒಂದು ತಿಂಗಳು ಮೊದಲೇ ನೋಡಿದ್ದರಿಂದ ಟಿಕೆಟ್ ಕಡಿಮೆ ದರಕ್ಕೆ ಸಿಕ್ಕಿತು. ನಮ್ಮ ಮನೆಯಿಂದ ವಿಮಾನ ಹತ್ತುವವರಲ್ಲಿ ಅವರೇ ಮೊದಲಿಗರು. ಬೂದಿಕೋಟೆಯ ನಮ್ಮ ಬೀದಿಯಲ್ಲಿ ಅದೇ ವಾರದ ಸುದ್ದಿಯಾಗಿತ್ತು.

ಹೆಸರು, ವಯಸ್ಸು ತುಂಬಿದ ಮೇಲೆ ಸೀಟುಗಳ ಚಿತ್ರ ಬಂತು. ಬಣ್ಣಬಣ್ಣದ ಚೌಕಗಳು, ಒಂದೊಂದಕ್ಕೂ ಒಂದೊಂದು ಬೆಲೆ. ಮುಂದಿನ ಸಾಲಿಗೆ ಜಾಸ್ತಿ, ಕಿಟಕಿಗೆ ಇನ್ನಷ್ಟು, ಹಿಂದಿನದಕ್ಕೆ ಕಡಿಮೆ. ಇಬ್ಬರಿಗೆ ಸೇರಿ ಏಳುನೂರು ರೂಪಾಯಿ ಆಗುತ್ತಿತ್ತು. ಕೆಳಗೆ ಮೂಲೆಯಲ್ಲಿ 'ಸ್ಕಿಪ್' ಎಂದು ಸಣ್ಣದಾಗಿ ಬರೆದಿತ್ತು. ಒತ್ತಿಬಿಟ್ಟೆ. ತಾಯಿ, ಮಗುವನ್ನು ಒಟ್ಟಿಗೆ ಕೂರಿಸುತ್ತಾರೆ, ಅದನ್ನು ಬೇರೆ ಹೇಳಬೇಕೇ ಎಂದುಕೊಂಡಿದ್ದೆ.

ಆದರೆ ವಿಮಾನದೊಳಗೆ ಹೋದ ಮೇಲೆ ಅಕ್ಕನಿಗೆ ಗೊತ್ತಾಯಿತು, ಮಗುವಿಗೆ 9ನೇ ಸಾಲು, ಅವಳಿಗೆ 22ನೇ ಸಾಲು. ನಡುವೆ ಹನ್ನೆರಡು ಸಾಲು. ಮಗು ಅಕ್ಕನ ಸೆರಗು ಬಿಡದೆ ಅಳತೊಡಗಿತು. ಹಿಂದಿನವರು ದಾರಿ ಬಿಡಿ ಎನ್ನುತ್ತಿದ್ದರು. ಸಿಬ್ಬಂದಿ ಒಬ್ಬೊಬ್ಬರನ್ನೇ ಕೇಳಿದರು. ಮಗುವಿನ ಪಕ್ಕದ ಕಿಟಕಿಯಲ್ಲಿದ್ದವರು, 'ನಾನು ದುಡ್ಡು ಕೊಟ್ಟು ತಗೊಂಡಿರೋ ಸೀಟು' ಎಂದರು. ಕೊನೆಗೆ ಅದೇ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು, ಹಿಂದಿನ 22ನೇ ಸಾಲಿನ ನಡುವಿನ ಸೀಟಿಗೆ ಹೋಗಿ ಕೂತಳು. ದೆಹಲಿಯಲ್ಲಿ ಇಳಿದ ತಕ್ಷಣ ಅಕ್ಕ ಫೋನ್ ಮಾಡಿದಳು. 'ದುಡ್ಡು ಉಳಿಸೋಕೆ ಹೋಗಿ ಮಗೂನ ಒಂದ್ಕಡೆ, ನನ್ನ ಒಂದ್ಕಡೆ ಕೂರಿಸಿದೆಯಲ್ಲೋ!'

ನಾನು ಉತ್ತರ ಹೇಳಲಿಲ್ಲ. ಆದರೆ ಆ ಪ್ರಶ್ನೆ ನನ್ನೊಬ್ಬನಿಗೆ ಮಾತ್ರ ಸೇರಿದ್ದೇ ಎಂದು ಆಮೇಲೆ ಯೋಚಿಸತೊಡಗಿದೆ.

ಲೆಕ್ಕ ಹಾಕಿದರೆ ಏನಾಗುತ್ತದೆ?

ಈಗ ಬಿಇ ಓದುತ್ತಿರುವುದರಿಂದ ಒಂದು ಲೆಕ್ಕ ಮಾಡಿ ನೋಡಿದೆ. 180 ಸೀಟಿನ ವಿಮಾನ ಎಂದುಕೊಳ್ಳಿ. 30 ಸಾಲು, ಪ್ರತಿ ಸಾಲಿನಲ್ಲೂ ನಡೆಯುವ ದಾರಿಯ ಈ ಕಡೆ ಮೂರು, ಆ ಕಡೆ ಮೂರು. ಇದರಲ್ಲಿ ಯಾವುದಾದರೂ ಎರಡು ಸೀಟುಗಳನ್ನು 16,110 ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಅಕ್ಕಪಕ್ಕದ ಜೋಡಿಗಳು ಬರೀ 120. ಅಂದರೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಸೀಟು ಹಂಚಿದರೆ, ತಾಯಿ ಮತ್ತು ಮಗು ಅಕ್ಕಪಕ್ಕ ಬರುವುದು ಸುಮಾರು 134 ಸಲಕ್ಕೆ ಒಮ್ಮೆ. 'ಹೇಗೋ ಸಿಗುತ್ತದೆ ಬಿಡು' ಎಂದು ನಂಬುವ ಮಾತೇ ಅಲ್ಲ.

ಆದರೆ ಕಂಪ್ಯೂಟರ್ ಚೀಟಿ ಎತ್ತುವ ಅಗತ್ಯವೇ ಇಲ್ಲ. ಟಿಕೆಟ್ ಮಾಡುವಾಗಲೇ ವಯಸ್ಕರು ಎಷ್ಟು, 2ರಿಂದ 12 ವರ್ಷದ ಮಕ್ಕಳು ಎಷ್ಟು, 2 ವರ್ಷದೊಳಗಿನ ಕೂಸುಗಳು ಎಷ್ಟು ಎಂದು ಕೇಳುತ್ತಾರೆ. ಯಾವ ಟಿಕೆಟ್‌ನಲ್ಲಿ ಮಗುವಿದೆ, ಅದರ ಜೊತೆ ಯಾರಿದ್ದಾರೆ ಎಂಬುದು ದುಡ್ಡು ಕಟ್ಟುವ ಮೊದಲೇ ಕಂಪನಿಗೆ ಗೊತ್ತು. ಮಗು ಇರುವ ಟಿಕೆಟ್‌ಗೆ ಮೊದಲು ಜೋಡಿ ಸೀಟು ಕೊಡು, ಉಳಿದವರಿಗೆ ಆಮೇಲೆ ಹಂಚು ಎಂದು ಹೇಳುವ ಪ್ರೋಗ್ರಾಂ ಬರೆಯುವುದು ನಮ್ಮ ತರಗತಿಯ ಯಾರಿಗೂ ಕಷ್ಟವಲ್ಲ. ರೈಲ್ವೆಯಲ್ಲಿ 45 ದಾಟಿದ ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ ಅವರು ಕೇಳದಿದ್ದರೂ, ಖಾಲಿ ಇದ್ದರೆ ತಂತ್ರಾಂಶವೇ ಕೆಳಗಿನ ಬರ್ತ್ ಕೊಡುತ್ತದೆ. ಕೋಟಿಗಟ್ಟಲೆ ಜನ ಓಡಾಡುವ ರೈಲಿನಲ್ಲಿ ಸಾಧ್ಯವಾದದ್ದು ನೂರೆಂಬತ್ತು ಸೀಟಿನ ವಿಮಾನದಲ್ಲಿ ಅಸಾಧ್ಯವೇ?

ಸುರಕ್ಷತೆಯ ಮಾತೂ ಇದೆ. ವಿಮಾನ ಹೊರಡುವ ಮುನ್ನ ಸಿಬ್ಬಂದಿ ಆಮ್ಲಜನಕದ ಮಾಸ್ಕ್ ತೋರಿಸಿ, ಮೊದಲು ನಿಮ್ಮದನ್ನು ಹಾಕಿಕೊಳ್ಳಿ, ಆಮೇಲೆ ಜೊತೆಯ ಮಗುವಿಗೆ ಹಾಕಿ ಎನ್ನುತ್ತಾರೆ. ಆ ಮಾತಿನಲ್ಲೇ ಮಗು ಪಕ್ಕದಲ್ಲಿದೆ ಎಂಬ ನಂಬಿಕೆ ಇದೆ. 22ನೇ ಸಾಲಿನ ತಾಯಿ 9ನೇ ಸಾಲಿನ ಮಗುವಿಗೆ ಮಾಸ್ಕ್ ಹಾಕುವುದು ಹೇಗೆ? ದೊಡ್ಡ ವಿಮಾನಗಳಿಗೆ ಅನುಮತಿ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡಿನೊಳಗೆ ಹೊರಗೆ ಬರಬಹುದು ಎಂದು ತಯಾರಿಸಿದವರು ತೋರಿಸಿಕೊಡಬೇಕು. ಎಲ್ಲರೂ ಬಾಗಿಲಿನತ್ತ ನುಗ್ಗುವಾಗ ತಾಯಿಯೊಬ್ಬಳು ಮಗುವನ್ನು ಹುಡುಕಿಕೊಂಡು ಎದುರು ದಿಕ್ಕಿಗೆ ನಡೆದರೆ ಆ ಲೆಕ್ಕ ಏನಾಗುತ್ತದೆ? ಹೀಗೆ ನೋಡಿದರೆ ಪಕ್ಕದ ಸೀಟು ಮಗುವಿರುವ ಕುಟುಂಬಕ್ಕೆ ಕೊಡುವ ರಿಯಾಯಿತಿಯೇನಲ್ಲ. ಅದರಿಂದ ವಿಮಾನದಲ್ಲಿರುವ ಎಲ್ಲರಿಗೂ ಒಳ್ಳೆಯದು.

ನಿಯಮ ಬಂದಿದೆ, ನಮಗೆ ಗೊತ್ತಿರಲಿಲ್ಲ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ಈ ಬಗ್ಗೆ ಸ್ಪಷ್ಟ ಸೂಚನೆ ಕೊಟ್ಟಿದೆ. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು, ಅದರ ದಾಖಲೆ ಇಟ್ಟುಕೊಳ್ಳಬೇಕು. ಇಷ್ಟದ ಸೀಟು, ಊಟ, ತಿಂಡಿಗೆ ಬೇರೆಯಾಗಿ ಹಣ ಪಡೆಯಲು ಕಂಪನಿಗಳಿಗೆ ಅವಕಾಶ ಕೊಡುವ ಸುತ್ತೋಲೆಗೇ ಈ ಮಾತನ್ನು ಸೇರಿಸಲಾಯಿತು. ಆ ಸೇವೆಗಳು ಬೇಕೆಂದವರಿಗೆ ಮಾತ್ರ, ಕಡ್ಡಾಯವಲ್ಲ ಎಂಬುದೂ ಅದರಲ್ಲಿದೆ.

ಈ ನಿಯಮ ಬಂದ ಎಷ್ಟೋ ದಿನಗಳ ಮೇಲೆ ನಾನು ಮತ್ತೆ ಅಕ್ಕನಿಗೆ ಟಿಕೆಟ್ ಮಾಡಿದೆ. ಈ ಸಲ ಸೊಸೆಯ ಜೊತೆಗೆ ಅಕ್ಕನ ಮಡಿಲಲ್ಲಿ ಒಂದು ವರ್ಷದ ಕೂಸು ಬೇರೆ. ಸೀಟುಗಳ ಅದೇ ಚಿತ್ರ, ಅದೇ ಬೆಲೆ. ಮಗು ತಾಯಿಯ ಜೊತೆಗೇ ಕೂರುತ್ತದೆ, ಅದಕ್ಕೆ ಹಣ ಬೇಕಿಲ್ಲ ಎಂಬ ಮಾತು ಆ ಪುಟದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಿಂದಿನ ಸಲದ ಬೈಗುಳ ನೆನಪಿತ್ತಲ್ಲ, ಮರುಮಾತಿಲ್ಲದೆ ಹೋಗುವುದಕ್ಕೂ ಬರುವುದಕ್ಕೂ ಸೇರಿ 1,400 ರೂಪಾಯಿ ಕಟ್ಟಿದೆ. ಆಮೇಲೊಂದು ದಿನ ಹಾಸ್ಟೆಲ್‌ನ ಗೆಳೆಯನೊಬ್ಬ ಡಿಜಿಸಿಎ ನಿಯಮದ ಸುದ್ದಿ ತೋರಿಸಿದ. ಕಟ್ಟಬೇಕಾಗಿಯೇ ಇಲ್ಲದ ಹಣವನ್ನು ಹೆದರಿಕೆಯಿಂದ ಕಟ್ಟಿದ್ದೆ.

ನನ್ನ ದೂರು ಇರುವುದು ಇಲ್ಲೇ. ನಿಯಮ ಕಾಗದದಲ್ಲಿದೆ. ಆದರೆ ಅದು ಬೇಕಾಗುವ ಜಾಗ ಮೊಬೈಲ್ ಪರದೆಯ ಆ ಒಂದು ಪುಟ. ಅಲ್ಲಿ ತಾಯಿಗೆ ಕಾಣುವುದು ಹಕ್ಕಲ್ಲ, ಬೆಲೆ. ಗೊತ್ತಿದ್ದವರು ಸ್ಕಿಪ್ ಒತ್ತಿ ನಿಶ್ಚಿಂತೆಯಿಂದ ಇರುತ್ತಾರೆ. ಗೊತ್ತಿಲ್ಲದವರು, ಮೊದಲ ಸಲ ವಿಮಾನ ಹತ್ತುವವರು, ಇಂಗ್ಲಿಷ್ ಓದಲು ತಡವರಿಸುವವರು ಹಣ ಕಟ್ಟುತ್ತಾರೆ. ಹೀಗೆ ಕಡಿಮೆ ತಿಳಿದವರೇ ಜಾಸ್ತಿ ತೆರುವುದು ಯಾವ ನ್ಯಾಯ?

ಕಂಪನಿಗಳ ಮಾತೂ ಕೇಳೋಣ

ಬೇರೆ ಬೇರೆ ಸೇವೆಗೆ ಬೇರೆ ಬೇರೆ ಹಣ ಪಡೆಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮದೇ ರಾಜ್ಯದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ, ಉಚಿತ ಊಟದಂಥ ಖರ್ಚು ಬಿಟ್ಟು ಟಿಕೆಟ್ ದರ ಇಳಿಸಿದರು. ಸಾಮಾನ್ಯರೂ ವಿಮಾನ ಹತ್ತಬಹುದು ಎಂಬ ಧೈರ್ಯ ಬಂದದ್ದು ಅಂಥ ದಾರಿಯಿಂದಲೇ. ಬೂದಿಕೋಟೆಯ ನಮ್ಮ ಅಕ್ಕ ದೇವನಹಳ್ಳಿಗೆ ಹೋಗಿ ವಿಮಾನ ಹತ್ತಿದ್ದೂ ಆ ಅಗ್ಗದ ದರದಿಂದಲೇ. ಊಟ ಬೇಡದವರು ಊಟದ ಹಣ ಕೊಡಬೇಕಿಲ್ಲ. ಕಾಲು ಚಾಚಲು ಜಾಗ ಬೇಕಾದವರು ಅದಕ್ಕೆ ಕೊಡಲಿ.

ಆದರೆ ಊಟ ಬಿಡಬಹುದು, ಕಿಟಕಿ ಬಿಡಬಹುದು, ನಾಲ್ಕು ವರ್ಷದ ಮಗು ತಾಯಿಯನ್ನು ಬಿಡಲು ಬರುವುದಿಲ್ಲ. ಎರಡು ವರ್ಷ ತುಂಬಿದ ಮಗುವಿಗೆ ಸೀಟಿನ ಟಿಕೆಟ್ ಕೊಂಡೇ ಆಗಿರುತ್ತದೆ. ಆ ಸೀಟು ತಾಯಿಯ ಪಕ್ಕದಲ್ಲಿರಲಿ ಎನ್ನುವುದಕ್ಕೆ ಮತ್ತೆ ಹಣ ಏಕೆ?

ಎಲ್ಲರಿಗೂ ಬಿಟ್ಟಿ ಸೀಟು ಕೊಟ್ಟರೆ ಟಿಕೆಟ್ ದರವೇ ಏರುತ್ತದೆ ಎಂಬ ವಾದವಿದೆ. ಯಾರೂ ಮೊದಲ ಸಾಲು ಕೇಳುತ್ತಿಲ್ಲ, ಕಿಟಕಿಯನ್ನೂ ಕೇಳುತ್ತಿಲ್ಲ. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಇರಬೇಕೆಂದೂ ಅಲ್ಲ. ಮಗುವಿನ ಪಕ್ಕ ದೊಡ್ಡವರೊಬ್ಬರು ಇದ್ದರೆ ಸಾಕು. ಅದು ಶೌಚಾಲಯದ ಹತ್ತಿರದ ಕೊನೆಯ ಸಾಲಾದರೂ ಅಕ್ಕ ಖುಷಿಯಿಂದ ಕೂರುತ್ತಾಳೆ. ಕೆನಡಾದಲ್ಲಿ 2019ರ ಡಿಸೆಂಬರ್‌ನಿಂದ ಇಂಥ ನಿಯಮ ವಯಸ್ಸಿಗೆ ತಕ್ಕಂತೆ ಜಾರಿಯಲ್ಲಿದೆ. 5 ವರ್ಷದೊಳಗಿನ ಮಗು ಪೋಷಕರ ಪಕ್ಕದಲ್ಲೇ ಇರಬೇಕು. 5ರಿಂದ 11 ವರ್ಷದವರು ಅದೇ ಸಾಲಿನಲ್ಲಿ, ನಡುವೆ ಒಂದೇ ಸೀಟಿನ ಅಂತರದೊಳಗೆ ಇರಬೇಕು. 12, 13 ವರ್ಷದವರಿಗೆ ಒಂದು ಸಾಲಿನ ಅಂತರ ನಡೆಯುತ್ತದೆ. ಇದಕ್ಕೆ ಹೆಚ್ಚುವರಿ ಹಣ ಪಡೆಯುವಂತಿಲ್ಲ. ನಮ್ಮ ನಿಯಮದಲ್ಲೂ 'ಜೊತೆಗೆ' ಎಂದರೆ ಪಕ್ಕವೋ, ಅದೇ ಸಾಲೋ ಎಂದು ಹೀಗೆ ಬಿಡಿಸಿ ಹೇಳಿದರೆ ಗೊಂದಲ ಇರುವುದಿಲ್ಲ.

ಎದ್ದವಳು, ಏಳದವರು

ಆ ದಿನ ಸೀಟು ಬಿಡದವರ ಮೇಲೆ ಅಕ್ಕನಿಗೆ ಇನ್ನೂ ಸಿಟ್ಟಿದೆ. ನನಗಿಲ್ಲ. ಅವರು ತಮ್ಮ ದುಡ್ಡಿನಲ್ಲಿ ಕಿಟಕಿ ಕೊಂಡಿದ್ದರು. ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತೇವೆ. ನಿಂತ ತಾಯಿಯ ಕೈಯಿಂದ ಗುರುತಿಲ್ಲದವರೂ ಮಗುವನ್ನು ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅಲ್ಲಿ ಯಾರೂ ಸೀಟನ್ನು ಬೇರೆಯಾಗಿ ಕೊಂಡಿರುವುದಿಲ್ಲ, ಹಾಗಾಗಿ ಸರಿದು ಕೂರುವುದಕ್ಕೆ ಮನಸ್ಸೂ ಬರುತ್ತದೆ. ವಿಮಾನದಲ್ಲಿ ಪಕ್ಕದ ಸೀಟನ್ನು ಒಬ್ಬರಿಗೆ ಮಾರಿ, ಮಗುವನ್ನು ತಾಯಿಯಿಂದ ದೂರ ಕೂರಿಸಿ, ಆಮೇಲೆ 'ನೀವೇ ಹೊಂದಿಸಿಕೊಳ್ಳಿ' ಎಂದರೆ ಇಬ್ಬರು ಪ್ರಯಾಣಿಕರನ್ನು ಜಗಳಕ್ಕೆ ಬಿಟ್ಟಂತೆ. ಸೀಟು ಬಿಟ್ಟ ಹುಡುಗಿಗೆ ನಮ್ಮ ಮನೆಯವರೆಲ್ಲ ಋಣಿ. ಆದರೆ ಪ್ರತಿ ವಿಮಾನದಲ್ಲೂ ಅವಳಂಥವಳು ಇರಲಿ ಎಂದು ಹಾರೈಸಿಕೊಂಡು ಕೂರುವುದು ವ್ಯವಸ್ಥೆಯಾಗುವುದಿಲ್ಲ.

ಆದ್ದರಿಂದ ಬೇಕಾಗಿರುವುದು ಮೂರೇ ಕೆಲಸ. ಮಗು ಇರುವ ಟಿಕೆಟ್‌ಗೆ ತಂತ್ರಾಂಶವು ಮೊದಲು ಜೋಡಿ ಸೀಟನ್ನು ಹಣವಿಲ್ಲದೆ ಹಿಡಿದಿಟ್ಟು, ಆಮೇಲೆ ಬೆಲೆಯ ಚಿತ್ರ ತೋರಿಸಲಿ. 'ನಿಮ್ಮ ಮಗು ನಿಮ್ಮ ಜೊತೆಗೇ ಕೂರುತ್ತದೆ, ಇದಕ್ಕೆ ಹಣವಿಲ್ಲ' ಎಂದು ಅದೇ ಪುಟದಲ್ಲಿ ಕನ್ನಡದಲ್ಲೂ ಬರೆಯಲಿ. ಕಂಪನಿಗಳು ಇಟ್ಟ ದಾಖಲೆಯನ್ನು ಡಿಜಿಸಿಎ ಆಗಾಗ ತೆರೆದು ನೋಡಲಿ.

ಅಲ್ಲಿಯವರೆಗೆ, ಮನೆಯ ಬುಕಿಂಗ್ ಕೌಂಟರ್ ಆಗಿರುವ ನನ್ನಂಥವರಿಗೆ ಒಂದು ಮಾತು. ಮಗುವನ್ನೂ ಜೊತೆಯ ದೊಡ್ಡವರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ. ಕಾರ್ಡ್ ಆಫರ್‌ಗೆ ಆಸೆಪಟ್ಟು ಒಡೆಯಬೇಡಿ, ಏಕೆಂದರೆ ನಿಯಮ ಹೇಳುವುದು ಒಂದೇ ಪಿಎನ್‌ಆರ್‌ಗೆ. ಮಗುವಿನ ವಯಸ್ಸು ಸರಿಯಾಗಿ ಹಾಕಿ. ವೆಬ್ ಚೆಕ್-ಇನ್ ತೆರೆದ ಕೂಡಲೇ ಸೀಟು ನೋಡಿ. ಬೇರೆ ಬೇರೆ ಬಂದಿದ್ದರೆ ವಿಮಾನ ಹತ್ತುವವರೆಗೆ ಕಾಯದೆ, ಕೌಂಟರ್‌ನಲ್ಲೇ 2024ರ ಡಿಜಿಸಿಎ ಸೂಚನೆಯ ಹೆಸರು ಹೇಳಿ ಕೇಳಿ. ಆಗಲಿಲ್ಲವೆಂದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ದಾಖಲಿಸಿ.

ಇನ್ನೂ ಒಂದಿದೆ. ನಾವು ಕೆಲವೇ ವರ್ಷಗಳಲ್ಲಿ ಕಂಪನಿಗಳಲ್ಲಿ ಕೂತು ಇಂಥದ್ದೇ ಪರದೆಗಳನ್ನು, ಇಂಥದ್ದೇ ಸ್ಕಿಪ್ ಗುಂಡಿಗಳನ್ನು ಮಾಡುವವರು. ಆ ಪುಟ ಬರೆಯುವ ದಿನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಲ ವಿಮಾನ ಹತ್ತುತ್ತಿರುವ ನಮ್ಮೂರಿನ ಅಕ್ಕನೊಬ್ಬಳು ನೆನಪಾಗಲಿ. ಅಕ್ಕ ಬರುವ ಬೇಸಿಗೆ ರಜೆಗೆ ಮಕ್ಕಳೊಂದಿಗೆ ಊರಿಗೆ ಬರುತ್ತಾಳೆ. ಟಿಕೆಟ್ ನಾನೇ ಮಾಡುತ್ತೇನೆ. ಈ ಸಲ ಸ್ಕಿಪ್ ಒತ್ತಿ, ಕೌಂಟರ್‌ನಲ್ಲಿ ಏನು ಕೇಳಬೇಕೆಂದು ಅವಳಿಗೆ ಮೊದಲೇ ಹೇಳಿಕೊಡುತ್ತೇನೆ.

– ಬಿಇ ವಿದ್ಯಾರ್ಥಿ, ಬೂದಿಕೋಟೆ, ಬಂಗಾರಪೇಟೆ ತಾಲ್ಲೂಕು