ಅಕ್ಕಿಗೆ ಬಡವ, ಪಗಾರಕ್ಕೆ ಸಾಹುಕಾರ

ನವಲಗುಂದ, ಕುಂದಗೋಳದ ಕಡೆ ಅಂಗವಿಕಲರ ಮಾಸಾಶನಕ್ಕೆ ಜನ ‘ಪಗಾರ’ ಅಂತಾರೆ. ತಿಂಗಳಿಗೆ 800 ರೂಪಾಯಿಯ ಪಗಾರ. ವೈಕಲ್ಯ ಶೇ 75 ದಾಟಿದರೆ 1,400. ಅದು ನಿಂತಾಗ ನಾಡಕಚೇರಿಯ ಕಿಟಕಿಯಲ್ಲಿ ಕೇಳುವ ಮಾತು ಒಂದೇ: ‘ಸಾಹೇಬ್ರ, ಈ ಸಲ ಪಗಾರ ಬಂದಿಲ್ರೀ.’ ಒಳಗಿನ ಉತ್ತರವೂ ಒಂದೇ: ‘ಆಧಾರ್ ಲಿಂಕ್ ಆಗೇತೇನ್ ನೋಡ್ರಿ, ಬ್ಯಾಂಕಿಗೆ ಹೋಗಿಬರ್ರಿ.’

ನನ್ನ ತಕರಾರು ಕಿಟಕಿಯೊಳಗೆ ಕೂತ ನೌಕರನ ಮೇಲಲ್ಲ, ಆದಾಯ ಮಿತಿಯ ಮೇಲೆ. ಈ ಪಗಾರ ಬೇಕೆಂದರೆ ಮನೆಯ ವರ್ಷದ ಆದಾಯ 32,000 ರೂಪಾಯಿ ಮೀರಬಾರದು. ದಿನಕ್ಕೆ 88 ರೂಪಾಯಿಯೂ ಆಗಲಿಲ್ಲ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ 370 ರೂಪಾಯಿ. ಅಣ್ಣಿಗೇರಿಯ ಎರಿ ಸೀಮೆಯ ಒಬ್ಬ ತಾಯಿ ಸರ್ಕಾರವೇ ಖಾತ್ರಿ ಕೊಟ್ಟ ನೂರು ದಿನ ಬದು ಹಾಕಿದರೆ 37,000 ಆಯಿತು. ಮನೆಯಲ್ಲಿ ಹಾಸಿಗೆ ಹಿಡಿದ ಮಗ ಅನರ್ಹನಾದ! ಬಿಪಿಎಲ್ ರೇಷನ್ ಕಾರ್ಡಿಗಾದರೆ ಇದೇ ಸರ್ಕಾರ 1.20 ಲಕ್ಷದವರೆಗೂ ಬಡವರೆಂದು ಒಪ್ಪುತ್ತದೆ.

ಆದ್ದರಿಂದ ಎಲ್ಲರೂ ಸೇರಿ ಸುಳ್ಳು ಬರೆಯಬೇಕು. ಅದು ಸುಳ್ಳೆಂದು ತಲಾಟಿಗೂ ಗೊತ್ತು, ತಹಶೀಲ್ದಾರರಿಗೂ ಗೊತ್ತು. ಬೆಂಗಳೂರಿನಲ್ಲಿ ‘ಅನರ್ಹರ ಪತ್ತೆ’ಯ ಮಾತೆದ್ದಾಗ ಮಾತ್ರ ಅದು ಅಂಗವಿಕಲನೊಬ್ಬನ ಕೊರಳಿಗೆ ಬೀಳುತ್ತದೆ. ಸುಳ್ಳು ಬರೆಸಿದ ನಿಯಮಕ್ಕೆ ಯಾರೂ ನೋಟಿಸು ಕೊಡುವುದಿಲ್ಲ. ಗಟ್ಟಿಮುಟ್ಟಾದವರು ಅಂಗವಿಕಲರ ಕಾರ್ಡು ಇಟ್ಟುಕೊಂಡಿಲ್ಲವೇ ಎಂದರೆ, ಇಟ್ಟುಕೊಂಡಿದ್ದಾರೆ. ಊರಿಗೆಲ್ಲ ಗೊತ್ತಿರುವ ಮಾತು. ಅವರನ್ನು ಹಿಡಿಯಬೇಕಾದದ್ದು ವೈದ್ಯಕೀಯ ಪ್ರಮಾಣಪತ್ರದಲ್ಲಿ. ಆದಾಯದ ಕಾಗದ ಜಾಲಾಡಿದರೆ ಸಿಕ್ಕಿಬೀಳುವವಳು ಆ ತಾಯಿಯೇ.

ಇನ್ನು ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ ಪ್ರಕಾರ, ಇತರರಿಗೆ ಕೊಡುವ ಅಂಥದೇ ನೆರವಿಗಿಂತ ಇವರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಕೊಡಬೇಕು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ವೃದ್ಧರಿಗೆ 1,200 ಇದೆ. ಹಾಗಾದರೆ ಇವರಿಗೆ 1,500 ಬರಬೇಕು, ಬರುತ್ತಿರುವುದು 800. ದಿಲ್ಲಿಯವರದು ಇನ್ನೂ ಸೊಗಸು: ಶೇ 80 ವೈಕಲ್ಯವಿದ್ದವರಿಗೆ ಕೇಂದ್ರದ ಪಾಲು 300 ರೂಪಾಯಿ, 2012ರಿಂದ ಒಂದು ಪೈಸೆ ಏರಿಲ್ಲ. ಕಲಘಟಗಿಯಿಂದ ಅಣ್ಣನ ಹೆಗಲು ಹಿಡಿದು ಧಾರವಾಡದ ಜಿಲ್ಲಾಸ್ಪತ್ರೆಗೆ ಎರಡು ಸಲ ಹೋಗಿಬರುವುದರಲ್ಲಿ ಅದು ಕರಗುತ್ತದೆ.

800ನ್ನು 1,500 ಮಾಡಲು ದುಡ್ಡಿಲ್ಲ ಅನ್ನುತ್ತಾರೇನೋ. ಇರಲಿ, ಆ ಜಗಳ ಬಜೆಟ್ ಹೊತ್ತಿಗೆ ಆಡೋಣ. ಬಿಪಿಎಲ್ ಕಾರ್ಡಿದ್ದ ಮನೆಯಿಂದ ಬೇರೆ ಆದಾಯ ಪ್ರಮಾಣಪತ್ರ ಕೇಳಬಾರದೆಂದು ಕಂದಾಯ ಇಲಾಖೆ ಒಂದು ಹಾಳೆಯ ಆದೇಶ ಹೊರಡಿಸಲು ಯಾವ ಖಜಾನೆ ಅಡ್ಡ ಬರುತ್ತದೆ?