ಹೆಸರು ಕಾಣದಿದ್ದರೆ ಅಂಕ ಬದಲಾದೀತೆ?

ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚುತ್ತಾರೆ. ತಾನು ದೊಡ್ಡವರ ಮನೆಯ ಧಾನ್ಯ ಎಂದು ಭತ್ತ ಬೀಗುತ್ತದೆ, ರಾಗಿಯನ್ನು ಕೀಳೆಂದು ಹಳಿಯುತ್ತದೆ. ನ್ಯಾಯಕ್ಕೆ ಕುಳಿತ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಕಂಗೆಟ್ಟಿದೆ, ರಾಗಿ ಗಟ್ಟಿಯಾಗಿ ಉಳಿದಿದೆ. ಕನಕ ಜಯಂತಿಯ ಭಾಷಣಗಳಲ್ಲಿ ಈ ಕಥೆ ಸಮಾನತೆಯ ಉಪದೇಶವಾಗಿ ಬಂದು ಹೋಗುತ್ತದೆ. ರಾಮ ಮಾತ್ರ ಉಪದೇಶದಿಂದ ಶುರುಮಾಡಲಿಲ್ಲ. ಕುಲ ನೋಡದ ಒಂದು ಪರೀಕ್ಷೆ ಇಟ್ಟ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ತರಗತಿಗಳಲ್ಲಿ ಭೇದಭಾವದ ಪಾಠ ಶುರುವಾಗಬೇಕಾದದ್ದು ಇಂಥ ಪರೀಕ್ಷೆಗಳಿಂದ.

ವರ್ಣಭೇದ ಎಂದರೆ ಮಕ್ಕಳಿಗೆ ಹೊಸ ಮಾತೇನಲ್ಲ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧಿಯನ್ನು ರೈಲಿನಿಂದ ಇಳಿಸಿದ್ದು, ಮಂಡೇಲಾ 27 ವರ್ಷ ಜೈಲಿನಲ್ಲಿ ಕಳೆದದ್ದು ಪರೀಕ್ಷೆಗೆ ಬರುವ ಸಂಗತಿಗಳು. ಅದೆಲ್ಲ ದೂರದೇಶದ ಬಿಳಿಯರ ಕಾಯಿಲೆ ಎಂಬಂತೆ ಪಾಠ ಮುಗಿಯುತ್ತದೆ. ಹಾನಗಲ್ ದಾಟಿ ಮುಂಡಗೋಡ, ಯಲ್ಲಾಪುರದ ಕಡೆ ಹೊರಟರೆ ಆಫ್ರಿಕಾ ಮೂಲದ ಸಿದ್ದಿಗಳ ಊರುಗಳು ಸಿಗುತ್ತವೆ. ಶತಮಾನಗಳಿಂದ ಇಲ್ಲಿಯವರೇ ಆದ ಅವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು. ಆದರೂ ಕನ್ನಡದಲ್ಲಿ ಮಾತಾಡುವ ಸಿದ್ದಿ ಹುಡುಗನನ್ನು ‘ಯಾವ ದೇಶ?’ ಎಂದು ಕೇಳುವವರು ಇನ್ನೂ ಇದ್ದಾರೆ. ಇನ್ನು ಸವಣೂರು ಹಾವೇರಿ ಜಿಲ್ಲೆಯದೇ ಊರು. ಇದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡರು. ಜಿಲ್ಲೆಯ ಎಷ್ಟು ತರಗತಿಗಳಲ್ಲಿ ಈ ಘಟನೆಯ ಮಾತು ಬಂದಿದೆ?

ಭೇದದ ಇನ್ನೊಂದು ತುದಿಯನ್ನೂ ಈ ಭಾಗ ಬಲ್ಲದು. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಅದೇ ದಿನಗಳಲ್ಲಿ, ಗಡಿ ದಾಟಲು ನಿಂತ ಆಫ್ರಿಕಾ ಮತ್ತು ಭಾರತದ ವಿದ್ಯಾರ್ಥಿಗಳನ್ನು ಹಿಂದಕ್ಕೆ ತಳ್ಳಿ ಉಕ್ರೇನಿಯನ್ನರನ್ನು ಮುಂದೆ ಬಿಡಲಾಗುತ್ತಿದೆ ಎಂಬ ದೂರುಗಳು ಬಂದವು. ಆಫ್ರಿಕನ್ ಒಕ್ಕೂಟ ಅದನ್ನು ಬಹಿರಂಗವಾಗಿ ಖಂಡಿಸಿತು. ಅಷ್ಟು ದೂರ ಹೋಗುವುದೂ ಬೇಡ. ಇಲ್ಲಿಂದ ಬೆಂಗಳೂರಿಗೆ ಓದಲು ಹೋದ ಹುಡುಗಿ ‘ಹೌದ್ರಿ’ ಎಂದರೆ ಸಾಕು, ಹಾಸ್ಟೆಲಿನಲ್ಲಿ ನಗೆ ಏಳುತ್ತದೆ. ಅದೇ ಹುಡುಗಿ ಊರಲ್ಲಿ ತಾಂಡಾದ ಗೆಳತಿಯ ಮಾತಿನ ಧಾಟಿಗೆ ನಕ್ಕಿರಲೂಬಹುದು.

ಹೀಗೆ ಅರಿವಿಲ್ಲದೆ ಮನಸ್ಸಿನಲ್ಲಿ ಕುಳಿತ ಪೂರ್ವಗ್ರಹವನ್ನು ಅಳೆಯುವ ಪ್ರಯತ್ನದಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬಾನಾಜಿಯವರದ್ದು ದೊಡ್ಡ ಪಾಲು. ಅಮೆರಿಕದ ಆಂಟನಿ ಗ್ರೀನ್‌ವಾಲ್ಡ್ ಮತ್ತಿತರರ ಜೊತೆ ಅವರು 1998ರಲ್ಲಿ ಅಂತರ್ಜಾಲಕ್ಕೆ ತಂದ ಪರೀಕ್ಷೆ, ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಜೋಡಿಸುವಾಗ ಬೆರಳು ಎಲ್ಲಿ ತಡವರಿಸುತ್ತದೆ ಎಂಬುದನ್ನು ಅಳೆಯುತ್ತದೆ. ಒಬ್ಬರೇ ಎರಡು ಸಲ ಕುಳಿತರೆ ಫಲಿತಾಂಶ ಬೇರೆಯಾಗಬಹುದಾದ್ದರಿಂದ ಯಾರ ಹಣೆಗೂ ಚೀಟಿ ಅಂಟಿಸಲು ಅದು ತಕ್ಕದ್ದಲ್ಲ.

ಹಳ್ಳಿಯ ಮೇಷ್ಟ್ರಿಗೆ ಅದಕ್ಕಿಂತ ಹತ್ತಿರದ ಪುರಾವೆಗಳು ಭಾರತದಲ್ಲೇ ಇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಆರು-ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಸುದ್ದಿ ಎತ್ತದಿದ್ದಾಗ ‘ಮೇಲು-ಕೀಳು’ ಎರಡೂ ಜಾತಿಗಳ ಹುಡುಗರು ಸಮಸಮ ಬಿಡಿಸಿದರು. ಎಲ್ಲರೆದುರು ಹೆಸರಿನೊಡನೆ ಜಾತಿಯನ್ನೂ ಕೂಗಿದ ಮೇಲೆ ‘ಕೆಳ’ ಎನಿಸಿಕೊಂಡ ಹುಡುಗರು ತೀರ ಹಿಂದೆ ಬಿದ್ದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ತರಗತಿಯಲ್ಲಿ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುವ ಪ್ರತಿಯೊಬ್ಬರೂ ಓದಬೇಕು.

2012ರಲ್ಲಿ ಪ್ರಕಟವಾದ ರೀಮಾ ಹನ್ನಾ ಮತ್ತು ಲೀ ಲಿಂಡನ್ ಅವರ ಅಧ್ಯಯನ ಇನ್ನೂ ಚುರುಕಾದದ್ದು. ಅವರು ಉತ್ತರಪತ್ರಿಕೆಗಳ ಮೇಲ್ಪುಟದಲ್ಲಿ ಜಾತಿಯನ್ನು ಚೀಟಿ ಎತ್ತಿದಂತೆ ಬರೆದು ಶಿಕ್ಷಕರಿಗೆ ಕೊಟ್ಟರು. ಕೆಳಜಾತಿಯದೆಂದು ಗುರುತಾದ ಪತ್ರಿಕೆಗೆ ತುಸು ಕಡಿಮೆ ಅಂಕ ಬಿತ್ತು. ವ್ಯತ್ಯಾಸ ಸಣ್ಣದು, ನಿಜ. ಆದರೆ ಹಾಗೆ ಅಂಕ ಕಡಿದವರಲ್ಲಿ ಹೆಚ್ಚಿನವರು ಸ್ವತಃ ಕೆಳಜಾತಿಗಳ ಶಿಕ್ಷಕರು! ಪೂರ್ವಗ್ರಹ ಅದನ್ನು ಉಂಡವರ ಮನಸ್ಸಿನಲ್ಲೂ ಬೇರು ಬಿಟ್ಟಿರುತ್ತದೆ.

ಇದಕ್ಕೆ ಮದ್ದೆಂದು ಒಂದು ದಿನದ ಕಾರ್ಯಾಗಾರ, ಪ್ರತಿಜ್ಞೆ, ಫೋಟೊ ಏರ್ಪಡಿಸುವುದು ಸುಲಭ. ಪೂರ್ವಗ್ರಹ ತಗ್ಗಿಸುವ ಚುಟುಕು ಪ್ರಯೋಗಗಳ ಪರಿಣಾಮವನ್ನು 2016ರಲ್ಲಿ ಕ್ಯಾಲ್ವಿನ್ ಲೈ ಮತ್ತು ಸಂಗಡಿಗರು ಪರಿಶೀಲಿಸಿದಾಗ, ತಕ್ಷಣ ಕಂಡ ಬದಲಾವಣೆ ಕೆಲವು ಗಂಟೆ ಅಥವಾ ದಿನಗಳಲ್ಲೇ ಕರಗಿಹೋಗಿತ್ತು. ಹಾಗಾಗಿ ರೂಢಿಯನ್ನೇ ಬದಲಿಸುವುದು ವಾಸಿ. ಎಸ್ಸೆಸ್ಸೆಲ್ಸಿಯ 80 ಅಂಕದ ಉತ್ತರಪತ್ರಿಕೆ ತಿದ್ದುವವರಿಗೆ ಮಗುವಿನ ಹೆಸರು ಕಾಣುವುದಿಲ್ಲ. ಉಳಿದ 20 ಆಂತರಿಕ ಅಂಕಗಳು ಮಗುವನ್ನೂ ಅದರ ಮನೆತನವನ್ನೂ ಬಲ್ಲವರ ಕೈಯಲ್ಲಿವೆ. ಮೋಟೆಬೆನ್ನೂರಿನ ಮಕ್ಕಳ ಪ್ರಾಜೆಕ್ಟನ್ನು ಹೆಸರು ಮುಚ್ಚಿ ಕದರಮಂಡಲಗಿಯ ಶಿಕ್ಷಕರು ನೋಡಲಿ, ಅಲ್ಲಿಯದನ್ನು ಇಲ್ಲಿಯವರು ನೋಡಲಿ. ‘ಎಲ್ಲರಿಗೂ ಧಾರಾಳವಾಗಿಯೇ ಕೊಡುತ್ತೇವೆ, ಭೇದ ಎಲ್ಲಿಂದ ಬಂತು’ ಎಂದು ಶಿಕ್ಷಕರು ಕೇಳಬಹುದು. ಅಂಕದಲ್ಲಿ ಇಲ್ಲವಾದರೆ ಕೆಲಸ ಹಂಚುವುದರಲ್ಲಿ ನೋಡೋಣ. ಅತಿಥಿಗಳಿಗೆ ಆರತಿ ಹಿಡಿಯಲು ಯಾವ ಬಣ್ಣದ ಹುಡುಗಿಯರನ್ನು ಆರಿಸುತ್ತಾರೆ, ಕಸಬರಿಗೆ ಯಾರ ಕೈಗೆ ಹೋಗುತ್ತದೆ, ಗಟ್ಟಿಯಾಗಿ ಓದಲು ಯಾರನ್ನು ಎಬ್ಬಿಸುತ್ತಾರೆ ಎಂದು ಒಂದು ತಿಂಗಳು ಮಕ್ಕಳೇ ಬರೆದಿಡಲಿ. ಪ್ರಾಜೆಕ್ಟ್ ಅಂಕಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಜೊತೆಗೆ ಒಡನಾಟ ಬೇಕು, ಅದರಲ್ಲೂ ಒಂದೇ ಕಡೆ ನಿಂತು ಆಡುವ ಒಡನಾಟ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಕ್ರಿಕೆಟ್ ಲೀಗ್ ನಡೆಸಿ ನೋಡಿದಾಗ, ಒಂದೇ ತಂಡದಲ್ಲಿ ಕಲೆತು ಆಡಿದ ಬೇರೆ ಜಾತಿಗಳ ಯುವಕರಲ್ಲಿ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಫಲ ಸಿಗಲಿಲ್ಲ. ದೆಹಲಿಯ ಶ್ರೀಮಂತ ಶಾಲೆಗಳಿಗೆ ಬಡಮಕ್ಕಳು ಸೇರಿದ ಮೇಲೆ ಉಳ್ಳವರ ಮಕ್ಕಳ ತಾರತಮ್ಯ ತಗ್ಗಿತು ಎಂದು ಗೌತಮ್ ರಾವ್ 2019ರಲ್ಲಿ ತೋರಿಸಿದರು. ಅದೇ ವರ್ಷ ಕರ್ನಾಟಕ ಸರ್ಕಾರ ಶಿಕ್ಷಣ ಹಕ್ಕಿನ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗಳು ಬಡಮಕ್ಕಳಿಗೆ ಶೇಕಡಾ 25ರಷ್ಟು ಸೀಟು ಕೊಡಬೇಕಿಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಸಲು ಎಂಬ ಕಾರಣ ತಳ್ಳಿಹಾಕುವಂಥದ್ದಲ್ಲ. ಆದರೆ ಹಾವೇರಿಯ ವ್ಯಾಪಾರಿಯ ಮಗನೂ ಅವನ ಅಂಗಡಿಯ ಹಮಾಲನ ಮಗನೂ ಒಂದೇ ಬೆಂಚಿನಲ್ಲಿ ಕೂರಬಹುದಾಗಿದ್ದ ದಾರಿ ಅದರೊಂದಿಗೆ ಕಿರಿದಾಯಿತು. ಆ ನಿಯಮವನ್ನು ಮತ್ತೊಮ್ಮೆ ತೆರೆದು ನೋಡುವಂತೆ ಈ ಜಿಲ್ಲೆಯ ಶಾಸಕರು ಸದನದಲ್ಲಿ ಕೇಳಲು ಅಡ್ಡಿಯೇನಿಲ್ಲ.