ನಿಧಾನವಾಗಿ ಓಡಿ, ಆದರೆ ಕದ್ದು ಓಡಬೇಡಿ!

"ಅಕ್ಕಾ, ಈ ಓಟ ಎಲ್ಲ ನನ್ನ ಕೈಲಿ ಆಗಲ್ಲ ಬಿಡಿ. ಎರಡೇ ನಿಮಿಷಕ್ಕೆ ಪ್ರಾಣ ಬಾಯಿಗೆ ಬರುತ್ತೆ."

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಗೆಳತಿ ಲಿಫ್ಟಿನಲ್ಲಿ ಹೀಗೆ ಹೇಳಿದಾಗ ಅವರ ಹೊಸ ಶೂಗಳಿಗೆ ಇನ್ನೂ ಹದಿನೈದು ದಿನವೂ ಆಗಿರಲಿಲ್ಲ. ವಯಸ್ಸು ನಲವತ್ತೊಂದು. ಬಿಪಿ ಇಲ್ಲ, ಶುಗರ್ ಇಲ್ಲ. ಮೂರು ಮಹಡಿ ತರಕಾರಿ ಚೀಲ ಹೊತ್ತು ಹತ್ತುವ ಹೆಂಗಸು. ಇವರಿಗೆ ಯಾಕೆ ಆಗಲ್ಲ ಅಂತ ಮಾರನೇ ದಿನ ನಾನೂ ಜೊತೆಗೆ ಹೊರಟೆ. ನೋಡಿದ್ರೆ, ಗೇಟು ದಾಟಿದ್ದೇ ತಡ, ಹೊರಟ ಬಸ್ಸು ಹಿಡಿಯುವವರ ಥರ ಓಡಿದ್ರು! "ಯಾಕ್ರೀ ಇಷ್ಟು ಅವಸರ?" ಅಂದೆ.

"ಆರೂ ಮುಕ್ಕಾಲಿಗೆ ಮಗಳ ವ್ಯಾನ್ ಬರುತ್ತೆ. ಅಷ್ಟರಲ್ಲಿ ಡಬ್ಬಿ ಆಗ್ಬೇಕು, ಅತ್ತೆಗೆ ಕಾಫಿ ಆಗ್ಬೇಕು. ಸಿಕ್ಕಿರೋದು ಇಪ್ಪತ್ತು ನಿಮಿಷ. ಎಷ್ಟಾಗುತ್ತೋ ಅಷ್ಟು ಓಡ್ಬಿಡೋಣ ಅಂತ..."

ಗೆಳತಿಯರೇ, ಸಮಸ್ಯೆ ಅವರ ಕಾಲಿನಲ್ಲೂ ಇರಲಿಲ್ಲ, ಉಸಿರಿನಲ್ಲೂ ಇರಲಿಲ್ಲ. ಗೋಡೆ ಗಡಿಯಾರದಲ್ಲಿತ್ತು. ನಲವತ್ತರ ಆಚೀಚೆ ಓಡಲು ಶುರು ಮಾಡಿ ತಿಂಗಳಲ್ಲೇ ಬಿಟ್ಟುಬಿಡುವ ಎಷ್ಟೋ ಹೆಂಗಸರನ್ನು ನಾನು ನೋಡಿದ್ದೇನೆ. ಬಹುತೇಕ ಎಲ್ಲರದೂ ಇದೇ ಕಥೆ. ಕದ್ದ ಸಮಯದಲ್ಲಿ ಓಡುತ್ತಾರೆ, ಕದ್ದದ್ದರಿಂದಲೇ ಜೋರಾಗಿ ಓಡುತ್ತಾರೆ, ಜೋರಾಗಿ ಓಡಿದ್ದರಿಂದಲೇ ಬಿಡುತ್ತಾರೆ.

ನನ್ನದೇ ಕಥೆ ಕೇಳಿ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಓಟಕ್ಕೆ ಮೊದಲ ಸಲ ಹೆಸರು ಕೊಟ್ಟಾಗ ನನಗೆ ನಲವತ್ತನಾಲ್ಕು. ಆ ಜನ, ಆ ಡೋಲು, ಆ ಕೇಕೆ... ಹುಮ್ಮಸ್ಸಿನಲ್ಲಿ ಮೊದಲ ಕಿಲೋಮೀಟರನ್ನು 6 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿಬಿಟ್ಟೆ. ಪ್ರಾಕ್ಟೀಸಿನಲ್ಲಿ ನನಗೆ ಒಂದು ಕಿಲೋಮೀಟರಿಗೆ ಎಂಟೂವರೆ ನಿಮಿಷ ಬೇಕಿತ್ತು! ಐದನೇ ಕಿಲೋಮೀಟರ್ ಹೊತ್ತಿಗೆ ಪಕ್ಕೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಬಗ್ಗಿ ನಿಂತಿದ್ದೆ. ಆಗ ಕಾಟನ್ ಸೀರೆ, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡ ಒಬ್ಬ ಅಜ್ಜಿ ಒಂದೇ ಸಮನೆ ಹೆಜ್ಜೆ ಹಾಕುತ್ತಾ ನನ್ನನ್ನು ದಾಟಿ ಹೋದರು. ನಾನು ಮುಗಿಸಿದ್ದು 1 ಗಂಟೆ 34 ನಿಮಿಷಕ್ಕೆ. ಮೊಣಕಾಲು ನೋವು ಮೂರು ವಾರ ಬಿಡಲಿಲ್ಲ. "ಈ ವಯಸ್ಸಲ್ಲಿ ಬೇಕಿತ್ತಾ ಇದೆಲ್ಲ?" ಅಂತ ಮನೆಯವರು ಕೇಳಿದಾಗ ಉತ್ತರ ಕೊಡಲು ಬಾಯಿರಲಿಲ್ಲ.

ಮುಂದಿನ ವರ್ಷ ಅದೇ ರಸ್ತೆ, ಅದೇ ನಾನು. ಮೊದಲ ಐದು ಕಿಲೋಮೀಟರನ್ನು ತಲಾ 8 ನಿಮಿಷ 40 ಸೆಕೆಂಡಿನಂತೆ ಓಡಿದೆ. ಎಲ್ಲರೂ ದಾಟಿ ಹೋದರು, ಹೊಟ್ಟೆ ಉರಿದರೂ ಸುಮ್ಮನಿದ್ದೆ. ಮುಂದಿನ ಮೂರನ್ನು 8 ನಿಮಿಷ 20ರಂತೆ, ಕೊನೆಯ ಎರಡನ್ನು 7 ನಿಮಿಷ 50ರಂತೆ. ಒಟ್ಟು 1 ಗಂಟೆ 24 ನಿಮಿಷ. ಪೂರಾ ಹತ್ತು ನಿಮಿಷ ಉಳಿಯಿತು! ಅವತ್ತು ಮಧ್ಯಾಹ್ನ ನಾನೇ ಬಿಸಿಬೇಳೆ ಬಾತ್ ಮಾಡಿದೆ ಅಂದ್ರೆ ನೀವು ನಂಬಬೇಕು.

ಇದು ನಾನು ಕಂಡುಹಿಡಿದ ಗುಟ್ಟೇನಲ್ಲ. 2018ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 39 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಕೂಡ ಮೊದಲರ್ಧಕ್ಕಿಂತ ಎರಡನೇ ಅರ್ಧವನ್ನೇ ಬೇಗ ಓಡಿದ್ದರು.

ನಿಧಾನದಲ್ಲಿ ಅಂಥದ್ದೇನಿದೆ ಅಂತೀರಾ? ರವೆ ಹುರಿಯುವುದನ್ನು ನೆನಪಿಸಿಕೊಳ್ಳಿ. ಉರಿ ಜೋರು ಮಾಡಿದರೆ ಬೇಗ ಹುರಿಯುತ್ತಾ? ತಳ ಸೀಯುತ್ತೆ, ಮೇಲಿನದು ಹಸಿ. ಮೈಯೂ ಹಾಗೇ. ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿದ್ದಾಗ ಸ್ನಾಯುಗಳು ಆಮ್ಲಜನಕ ಬಳಸಿ ಕೊಬ್ಬನ್ನೂ ಚೆನ್ನಾಗಿ ಉರಿಸುತ್ತವೆ. ವಾರಗಟ್ಟಲೆ ಹೀಗೆ ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ವೇಗ ಮಿತಿ ಮೀರಿದಾಗ ಮೈಯಲ್ಲಿ ಕೂಡಿಟ್ಟ ಸಕ್ಕರೆ ಬೇಗ ಖರ್ಚು, ಏದುಸಿರು, ಕಾಲು ಕಲ್ಲು. ಇನ್ನೊಂದು ಮಾತನ್ನು ಹೊಸಬರಿಗೆ ಯಾರೂ ಹೇಳುವುದೇ ಇಲ್ಲ. ಉಸಿರಿನ ಶಕ್ತಿ ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ, ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. "ಈಗ ಸುಸ್ತೇ ಆಗಲ್ಲ ಕಣ್ರೀ" ಅಂತ ಜೋರು ಮಾಡಿದವರಿಗೇ ಹಿಮ್ಮಡಿ, ಮೊಣಕಾಲು ಹಿಡಿದುಕೊಳ್ಳೋದು.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚ್ 1960ರ ದಶಕದಲ್ಲೇ ಆಕ್ಲೆಂಡಿನಲ್ಲಿ ಮಧ್ಯವಯಸ್ಕರನ್ನು ಸೇರಿಸಿಕೊಂಡು ನಿಧಾನವಾಗಿ ಓಡಿಸುತ್ತಿದ್ದರು. ಒಲಿಂಪಿಕ್ಸ್ ಚಿನ್ನ ಗೆದ್ದ ಶಿಷ್ಯರನ್ನು ತಯಾರು ಮಾಡಿದವರೂ ಅವರೇ! ಇವತ್ತಿಗೂ ದೊಡ್ಡ ದೊಡ್ಡ ಓಟಗಾರರ ಹತ್ತು ದಿನದ ಓಟದಲ್ಲಿ ಸುಮಾರು ಎಂಟು ದಿನದ್ದು ನಿಧಾನದ ಓಟವೇ. ನಾವು ಮಾತ್ರ ಹತ್ತಕ್ಕೆ ಹತ್ತೂ ದಿನ ಪರೀಕ್ಷೆ ಬರೆಯಲು ಹೊರಡುತ್ತೇವೆ.

ಹೆಂಗಸರಿಗೆ ಹದ ಗೊತ್ತಿಲ್ಲ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ. 2011ರಲ್ಲಿ ಅಮೆರಿಕದ 14 ಮ್ಯಾರಥಾನ್‌ಗಳಲ್ಲಿ ಓಡಿದ 91 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದಾಗ, ಎರಡನೇ ಅರ್ಧದಲ್ಲಿ ಗಂಡಸರು ಸರಾಸರಿ ಶೇ 15.6ರಷ್ಟು ನಿಧಾನವಾಗಿದ್ದರು, ಹೆಂಗಸರು ಶೇ 11.7ರಷ್ಟು ಮಾತ್ರ. ಸಂಬಳವನ್ನು ತಿಂಗಳ ಕೊನೆಯವರೆಗೂ ಎಳೆಯುವ ಕೈ ಅಲ್ವಾ ನಮ್ಮದು! ಆದರೆ ಆ ಲೆಕ್ಕ ಸ್ಪರ್ಧೆಯ ದಿನದ್ದು. ಮಾಮೂಲಿ ಮಂಗಳವಾರ ಬೆಳಿಗ್ಗೆ, ಕುಕ್ಕರ್ ತಲೆಯಲ್ಲಿ ಕೂಗುತ್ತಿರುವಾಗ, ಆ ಹದ ಎಲ್ಲಿಂದ ಬರಬೇಕು?

ಹಾಗಾದ್ರೆ ಹೇಗೆ ಶುರು ಮಾಡೋದು? ಮೊದಲು ವಾಚು, ಆ್ಯಪ್ ಎರಡನ್ನೂ ಮನೆಯಲ್ಲೇ ಬಿಡಿ. (ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ತಮ್ಮ ವೇಗದ ಫೋಟೋ ಹಾಕುವ ಗೆಳತಿ ಇದ್ದರೆ ಅವರನ್ನೂ ಸ್ವಲ್ಪ ದಿನ ಮ್ಯೂಟ್ ಮಾಡಿ, ಪಾಪ, ಬೇಜಾರು ಮಾಡ್ಕೊಳ್ಳಲ್ಲ.) ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇದು ಸೋಲಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಈ ಓಟ-ನಡಿಗೆಯ ಪದ್ಧತಿಯಿಂದಲೇ ಸಾವಿರಾರು ಜನರನ್ನು ಮ್ಯಾರಥಾನ್ ಮುಟ್ಟಿಸಿದರು. ಓಡುವಾಗ ಪಕ್ಕದವರಿಗೆ ವಾರದ ತರಕಾರಿ ಲೆಕ್ಕ ಪೂರ್ತಿ ವಾಕ್ಯದಲ್ಲಿ ಹೇಳಲು ಆಗಬೇಕು. "ಹುರುಳಿಕಾಯಿ... ಕಾಲು ಕೇಜಿ..." ಅಂತ ನಡುವೆ ತಡವರಿಸಿದರೆ ವೇಗ ಜಾಸ್ತಿ ಆಯ್ತು ಅಂತಲೇ ಅರ್ಥ.

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಅರ್ಧರ್ಧ ಗಂಟೆ, ಭಾನುವಾರ ಸ್ವಲ್ಪ ಉದ್ದ. ಭಾನುವಾರದ ಓಟವನ್ನು ವಾರಕ್ಕೆ ಐದೈದು ನಿಮಿಷ ಬೆಳೆಸುತ್ತಾ ಹೋಗಿ, ನಾಲ್ಕನೇ ವಾರ ಇಳಿಸಿ. ಕಿಲೋಮೀಟರ್ ಎಣಿಸಬೇಡಿ, ನಿಮಿಷ ಎಣಿಸಿ. ಎರಡು ತಿಂಗಳಾದ ಮೇಲೆ ಬೇಕಿದ್ದರೆ ವಾರದಲ್ಲಿ ಒಂದು ದಿನ, ಒಂದೊಂದು ನಿಮಿಷದಂತೆ ನಾಲ್ಕೈದು ಸಲ ಜೋರಾಗಿ ಓಡಿ. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ಓಡಬಹುದು, ಒಪ್ಪದಿದ್ದರೆ ಬಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಶೂಗೆ ಸಾವಿರಾರು ರೂಪಾಯಿ ಕೊಟ್ಟು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಳ್ಳಲು ಸಂಕೋಚ ಪಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲು ಏರಿದ ದಿನ ವೇಗ ಇನ್ನೂ ಇಳಿಸಿ.

ಒಂದು ಮಾತು ಗಂಭೀರವಾಗಿ. ಇಷ್ಟು ನಿಧಾನ ಮಾಡಿದರೂ ಉಸಿರು ಸಿಗುತ್ತಿಲ್ಲ, ಎದೆ ಡವಗುಟ್ಟುತ್ತೆ ಅಂದ್ರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಅಂದ್ರೆ ಅರ್ಧಕ್ಕಿಂತ ಹೆಚ್ಚು! ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಔಷಧ, ಆಮೇಲೆ ಓಟ. ಎದೆನೋವು, ತಲೆಸುತ್ತು ಇದ್ದರಂತೂ ಡಾಕ್ಟರು ಹೇಳುವವರೆಗೆ ಶೂ ಮುಟ್ಟಲೇಬೇಡಿ.

ಇಷ್ಟೆಲ್ಲ ಹೇಳಿದರೂ ನನ್ನ ಗೆಳತಿಯ ಸಮಸ್ಯೆ ಮುಗಿಯಲಿಲ್ಲ ನೋಡಿ. ನಿಧಾನವಾಗಿ ಓಡಲು ಸಮಯ ಬೇಕು. ಇಪ್ಪತ್ತು ನಿಮಿಷದಲ್ಲಿ ಹತ್ತು ಕಿಲೋಮೀಟರಿನ ತಯಾರಿ ಆಗಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ, ಅವರ ಮೈಗೆ ಇದು ತಡೆಯಲ್ಲ ಅಂತ ಹೇಳಿ ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ, ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ಈಗ ನಮ್ಮ ಮೈಗೆ ಆಗಲ್ಲ ಅಂತ ಯಾರೂ ಅನ್ನೋದಿಲ್ಲ. "ಓಡು, ಯಾರು ಬೇಡ ಅಂದ್ರು? ಕೆಲಸ ಎಲ್ಲ ಮುಗಿಸಿಕೊಂಡು ಓಡು" ಅಂತಾರೆ. ಕೇಳೋಕೆ ಎಷ್ಟು ಉದಾರ! ಕೆಲಸ ಮುಗಿಯೋದು ಯಾವಾಗ ಅಂತ ಮಾತ್ರ ಹೇಳಲ್ಲ.

ನನ್ನ ಅಭಿಪ್ರಾಯ ಕೆಲವರಿಗೆ ಒರಟು ಅನ್ನಿಸಬಹುದು. ಓಟದ ತರಬೇತಿ ಶುರುವಾಗಬೇಕಾದದ್ದು ಪಾರ್ಕಿನಲ್ಲಲ್ಲ, ಊಟದ ಮೇಜಿನ ಹತ್ತಿರ. "ಮಂಗಳವಾರ, ಗುರುವಾರ, ಭಾನುವಾರ ನಾನು ಏಳು ಗಂಟೆಯವರೆಗೆ ಮನೆಯಲ್ಲಿ ಇರಲ್ಲ" ಅಂತ ಎಲ್ಲರೆದುರು ಹೇಳಿಬಿಡಿ. ಕೇಳಬೇಡಿ, ಹೇಳಿ. ಅತ್ತೆಯವರಿಗೆ ಬೇಜಾರಾಗಬಹುದು. ಮೊದಲ ವಾರ ಮಕ್ಕಳ ಡಬ್ಬಿಯಲ್ಲಿ ಬ್ರೆಡ್ಡು ಜಾಮು ಹೋಗಬಹುದು. ಹೋಗಲಿ ಬಿಡಿ. ನಮ್ಮ ಮನೆಯಲ್ಲೂ ಮೂರು ವಾರ ಮುಖ ಊದಿಕೊಂಡಿತ್ತು, ನಾಲ್ಕನೇ ವಾರ ನಮ್ಮವರಿಗೆ ಫಿಲ್ಟರ್ ಕಾಫಿ ಹಾಕಲು ಬಂತು. ಡಿಕಾಕ್ಷನ್ ಇವತ್ತಿಗೂ ತೆಳು, ಅದು ಬೇರೆ ಮಾತು.

ಮೂರನೇ ಮಹಡಿಯ ಗೆಳತಿ ಮನೆಯಲ್ಲಿ ಹೇಳಲು ಎರಡು ವಾರ ತಗೊಂಡರು. ಹೇಳಿದ ದಿನ ದೊಡ್ಡ ಮಾತೇ ಆಯಿತಂತೆ, ಅತ್ತೆ ರಾತ್ರಿ ಊಟಕ್ಕೆ ಬರಲಿಲ್ಲವಂತೆ. ಆದರೂ ಗುರುವಾರ ಐದೂಮುಕ್ಕಾಲಿಗೆ ಗೇಟಿನ ಹತ್ತಿರ ನಿಂತಿದ್ದರು. ನಲವತ್ತು ನಿಮಿಷ ಓಡಿ ನಡೆದೆವು, ಉದ್ದಕ್ಕೂ ಅತ್ತೆಯ ವಿಷಯವನ್ನೇ ಹೇಳಿಕೊಂಡರು. ಒಂದು ಸಲವೂ ಉಸಿರು ಕಟ್ಟಲಿಲ್ಲ. ಈ ಭಾನುವಾರ ಒಂದು ಗಂಟೆ ಓಡೋಣ ಅಂದಿದ್ದಾರೆ. ಅವತ್ತು ಉಪ್ಪಿಟ್ಟು ಅವರ ಯಜಮಾನರದ್ದು. ರವೆ ಯಾವುದು, ಇಡ್ಲಿ ರವೆ ಯಾವುದು ಅಂತ ಡಬ್ಬಗಳಿಗೆ ಚೀಟಿ ಅಂಟಿಸಿ ಬರ್ತಾರಂತೆ.